ಫೋಲ್ಡರ್‌ಗೆ ಗಾತ್ರವಿರುವುದಿಲ್ಲ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ಬಂದದ್ದು ಇಂಟರ್ನೆಟ್ಟಿನ ದಾರಿಯಲ್ಲಲ್ಲ, ಅಣ್ಣನ ಮಗಳ ಕೈಚೀಲದಲ್ಲಿ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಅವಳು ಒಂದು ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು, ತನ್ನ ಕಿರುಪ್ರಬಂಧದ ಎರಡು ಪ್ರತಿ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಬಂದಿದ್ದಳು. ಸಂಜೆ ತಿದ್ದುಪಡಿಗೆಂದು ಅದೇ ಪೆನ್‌ಡ್ರೈವನ್ನು ನಮ್ಮ ಕಂಪ್ಯೂಟರಿಗೆ ಹಾಕಿದಳು. ಅವಳ ನಾಲ್ಕು ಫೋಲ್ಡರ್‌ಗಳೂ ಅದೇ ಹೆಸರಿನಲ್ಲಿ, ಅದೇ ಹಳದಿ ಚಿತ್ರದೊಡನೆ ಕಂಡವು. ಮೊದಲನೆಯದನ್ನು ಡಬಲ್ ಕ್ಲಿಕ್ ಮಾಡಿದಳು, ತೆರೆದುಕೊಂಡಿತು, ತಿದ್ದಿದಳು, ಹೋದಳು. ರಾತ್ರಿ ನಾನು ನನ್ನದೇ ಇನ್ನೊಂದು ಪೆನ್‌ಡ್ರೈವ್ ಹಾಕಿದಾಗ ಏನೋ ಸರಿಯಿಲ್ಲವೆನ್ನಿಸಿತು. ಕಡತಗಳನ್ನು ವಿವರಗಳ ಪಟ್ಟಿಯಾಗಿ ನೋಡುವ ಹಳೆಯ ಅಭ್ಯಾಸ ನನಗಿದೆ. ಆ ಪಟ್ಟಿಯಲ್ಲಿ ನನ್ನ ಮೂರು ಫೋಲ್ಡರ್‌ಗಳ ಮುಂದೆ, ‘ಸೈಜ್’ ಎಂಬ ಅಂಕಣದಲ್ಲಿ, ಒಂದೇ ಸಂಖ್ಯೆಯ ಕಿಲೋಬೈಟುಗಳು ಮೂರು ಸಲ ನಮೂದಾಗಿದ್ದವು.

ವಿಂಡೋಸ್‌ನ ಆ ಪಟ್ಟಿಯಲ್ಲಿ ನಿಜವಾದ ಫೋಲ್ಡರ್‌ಗೆ ಗಾತ್ರ ತೋರಿಸುವುದಿಲ್ಲ. ಆ ಜಾಗ ಖಾಲಿಯಿರುತ್ತದೆ. ಪಕ್ಕದ ‘ಟೈಪ್’ ಅಂಕಣದಲ್ಲಿ ‘ಫೈಲ್ ಫೋಲ್ಡರ್’ ಎಂದಿರಬೇಕಾದ ಕಡೆ ‘ಅಪ್ಲಿಕೇಶನ್’ ಎಂದಿತ್ತು. ಅಂದರೆ ಅವು ಫೋಲ್ಡರ್‌ಗಳಲ್ಲ, ಫೋಲ್ಡರಿನ ಚಿತ್ರವನ್ನು ಮುಖಕ್ಕೆ ಅಂಟಿಸಿಕೊಂಡ ಪ್ರೋಗ್ರಾಂಗಳು. ಅವುಗಳ ಹೆಸರಿನ ಕೊನೆಯಲ್ಲಿದ್ದ ‘ಡಾಟ್ ಇಎಕ್ಸ್ಇ’ ಎಂಬ ಬಾಲ ನಮಗೆ ಕಾಣುತ್ತಿರಲಿಲ್ಲ, ಏಕೆಂದರೆ ಪರಿಚಿತ ಬಾಲಗಳನ್ನು ಮರೆಮಾಡುವುದು ವಿಂಡೋಸ್‌ನ ಹುಟ್ಟುಗುಣ. ಅಸಲಿ ಫೋಲ್ಡರ್‌ಗಳು ಎಲ್ಲಿಗೂ ಹೋಗಿರಲಿಲ್ಲ. ವೈರಸ್ ಅವುಗಳಿಗೆ ‘ಅಡಗಿದ್ದು’, ‘ಸಿಸ್ಟಂಗೆ ಸೇರಿದ್ದು’ ಎಂಬ ಎರಡು ಗುರುತು ಹಚ್ಚಿ ಕಣ್ಣಿಗೆ ಬೀಳದಂತೆ ಮಾಡಿತ್ತು. ನಕಲಿಯನ್ನು ಒತ್ತಿದರೆ ಅದು ಮೊದಲು ತನ್ನ ಕೆಲಸ ಮುಗಿಸಿ, ಆಮೇಲೆ ಅಸಲಿ ಫೋಲ್ಡರನ್ನೇ ತೆರೆದು ತೋರಿಸುತ್ತಿತ್ತು. ಈ ಕೊನೆಯ ಸೌಜನ್ಯವೇ ಅದರ ಜಾಣತನವೆಲ್ಲ. ಬಾಗಿಲು ಎಂದಿನಂತೆ ತೆರೆದುಕೊಂಡರೆ ಬಾಗಿಲನ್ನು ಯಾರು ಅನುಮಾನಿಸುತ್ತಾರೆ?

ಪೆನ್‌ಡ್ರೈವಿನ ವೈರಸ್ಸುಗಳಿಗೆ ಮೊದಲು ಇಷ್ಟು ನಾಟಕ ಬೇಕಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಪೆನ್‌ಡ್ರೈವಿನೊಳಗೆ ‘ಆಟೋರನ್’ ಎಂಬ ಸಣ್ಣ ಕಡತವಿದ್ದರೆ, ಅದರಲ್ಲಿ ಹೇಳಿದ ಪ್ರೋಗ್ರಾಂ ಎಷ್ಟೋ ಸಲ ಸುಲಭವಾಗಿ ಓಡಿಬಿಡುತ್ತಿತ್ತು; 2008ರ ಕೊನೆಯಲ್ಲಿ ಕಾಣಿಸಿಕೊಂಡು ಲಕ್ಷಾಂತರ ಯಂತ್ರಗಳಿಗೆ ಹಬ್ಬಿದ ಕಾನ್‌ಫಿಕರ್ ಬಳಸಿದ ದಾರಿಗಳಲ್ಲಿ ಇದೂ ಒಂದು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿತು, 2011ರ ಫೆಬ್ರವರಿಯಲ್ಲಿ ಹಳೆಯ ವಿಂಡೋಸ್‌ಗಳಿಗೂ ಅದೇ ತಿದ್ದುಪಡಿ ಹೊರಟಿತು. ಅಲ್ಲಿಂದೀಚೆಗೆ ಈ ಜಾತಿಯ ವೈರಸ್ಸಿಗೆ ನಮ್ಮ ಬೆರಳು ಬೇಕು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟು ಜಗತ್ತಿನ ಇಮೇಲ್ ಪೆಟ್ಟಿಗೆಗಳನ್ನೆಲ್ಲ ತುಂಬಿದ ‘ಐ ಲವ್ ಯು’ ಕೂಡ ಇದೇ ಮರೆಯ ಬಾಲವನ್ನೇ ನಂಬಿತ್ತು: ಅದು ಪ್ರೇಮಪತ್ರದ ಹೆಸರು ಹೊತ್ತು ಬರಿಯ ಪಠ್ಯದ ಕಡತದಂತೆ ಕಾಣುತ್ತಿತ್ತು, ಹಿಂದೆ ‘ವಿಬಿಎಸ್’ ಎಂಬ ಪ್ರೋಗ್ರಾಂ ಬಾಲ ಅಡಗಿತ್ತು. ಇಷ್ಟು ವರ್ಷಗಳ ಮೇಲೂ ಆ ಬಾಲ ಮೊದಲಿನಿಂದಲೇ ಮರೆಯಾಗಿರುವುದು ನನ್ನ ಮಟ್ಟಿಗೆ ವಿಂಡೋಸ್‌ನ ಅಕ್ಷಮ್ಯ ತಪ್ಪು. ವಿಂಡೋಸ್ 11ರಲ್ಲಿ ‘ವ್ಯೂ’, ಅದರೊಳಗೆ ‘ಶೋ’, ಅದರೊಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬಲ್ಲಿ ಒಂದು ಗುರುತು ಹಾಕಿದರೆ ಬಾಲಗಳೆಲ್ಲ ಹೊರಗೆ ಬರುತ್ತವೆ. ಹತ್ತು ಸೆಕೆಂಡಿನ ಕೆಲಸ.

ಮಂಡ್ಯದ ಕಡೆ ಕಬ್ಬು ಹಾಕುವವರಿಗೆ ಈ ಬಗೆಯ ಹರಡುವಿಕೆ ಹೊಸದಲ್ಲ. ಕಬ್ಬಿನ ಕೆಂಪು ಕೊಳೆ ರೋಗ ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗುವ ಮುಖ್ಯ ದಾರಿ ಬಿತ್ತನೆಯ ತುಂಡೇ. ರೋಗ ಹಿಡಿದ ಜಲ್ಲೆಯನ್ನು ಬೀಜಕ್ಕೆಂದು ಕಡಿದು, ಗೊಬ್ಬರ ಹಾಕಿ, ನೀರು ಕಟ್ಟಿ ನೆಡುವವರು ನಾವೇ. ಹೊರಗಿನಿಂದ ಜಲ್ಲೆ ಚೆನ್ನಾಗಿಯೇ ಕಾಣಬಹುದು. ಉದ್ದಕ್ಕೆ ಸೀಳಿದರೆ ಮಾತ್ರ ಒಳಗಿನ ಕೆಂಪು, ಅದರ ನಡುವಿನ ಬಿಳಿ ಪಟ್ಟೆ ಕಾಣುತ್ತವೆ. ಕಡತಗಳ ಪಟ್ಟಿಯಲ್ಲಿ ಬಾಲವನ್ನೂ ಗಾತ್ರವನ್ನೂ ನೋಡುವುದೆಂದರೆ ಜಲ್ಲೆ ಸೀಳಿ ನೋಡುವುದು.

‘ವೈರಸ್’ ಎಂಬ ಹೆಸರು ಕಂಪ್ಯೂಟರಿಗೆ ಬಂದದ್ದೂ ಇಂಥದೇ ಒಂದು ಪ್ರಯೋಗದಿಂದ. 1983ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೋಹೆನ್, ತನ್ನ ಪ್ರತಿಯನ್ನು ಬೇರೆ ಪ್ರೋಗ್ರಾಂಗಳಿಗೆ ಅಂಟಿಸಿಕೊಳ್ಳುತ್ತ ಹೋಗುವ ಪ್ರೋಗ್ರಾಂ ಒಂದನ್ನು ಬರೆದು ಪರೀಕ್ಷಿಸಿದರು. ಹೆಸರು ಸೂಚಿಸಿದವರು ಅವರ ಮಾರ್ಗದರ್ಶಕ ಲಿಯೊನಾರ್ಡ್ ಏಡಲ್‌ಮನ್. ಐದು ಸಲ ದಾಳಿ ಮಾಡಿ ನೋಡಿದಾಗ ಐದೂ ಸಲ ಒಂದು ಗಂಟೆಯೊಳಗೆ ಯಂತ್ರದ ಪೂರ್ಣ ಅಧಿಕಾರ ಅವರ ಕೈಗೆ ಬಂತು, ಒಂದು ಸಲವಂತೂ ಐದು ನಿಮಿಷಕ್ಕೂ ಮೊದಲು. ಬೀಗ ಮುರಿದು ಪಡೆದ ಅಧಿಕಾರವಲ್ಲ ಅದು. ಉಪಯುಕ್ತವೆಂದು ಕೊಟ್ಟ ಪ್ರೋಗ್ರಾಂ ಒಂದನ್ನು ಬಳಕೆದಾರರು ತಾವಾಗಿಯೇ ಓಡಿಸಿದರು. ಓಡಿಸಿದವರಿಗೆ ಯಾವ ಯಾವ ಅಧಿಕಾರವಿತ್ತೋ ಅದೆಲ್ಲ ವೈರಸ್ಸಿಗೂ ಸಿಕ್ಕಿತು. ದಾಳಿ ನಡೆಯುತ್ತಿದೆಯೆಂದು ತಿಳಿದಿದ್ದವರೂ ಪಾರಾಗಲಿಲ್ಲ.

ಕೋಹೆನ್ ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟರು. ಆಂಟಿವೈರಸ್ ಕೊಳ್ಳುವ ಮುನ್ನ ಅದನ್ನು ತಿಳಿದಿರುವುದು ಒಳ್ಳೆಯದು. ಯಾವುದೇ ಪ್ರೋಗ್ರಾಂ ಕೊಟ್ಟರೂ ‘ಇದು ವೈರಸ್, ಇದು ಅಲ್ಲ’ ಎಂದು ಒಮ್ಮೆಯೂ ತಪ್ಪದೆ ಹೇಳುವ ಪರೀಕ್ಷಕನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಈಗ ನಾನೊಂದು ತುಂಟ ಪ್ರೋಗ್ರಾಂ ಬರೆಯುತ್ತೇನೆ. ಅದು ಮೊದಲು ಆ ಪರೀಕ್ಷಕನನ್ನೇ ಕರೆದು ‘ನಾನು ವೈರಸ್ಸೇ?’ ಎಂದು ಕೇಳುತ್ತದೆ. ‘ಹೌದು’ ಎಂದರೆ ಏನೂ ಮಾಡದೆ ಸುಮ್ಮನೆ ಮುಗಿಯುತ್ತದೆ; ‘ಅಲ್ಲ’ ಎಂದರೆ ಹರಡಲು ಹೊರಡುತ್ತದೆ. ಪರೀಕ್ಷಕ ಯಾವ ಉತ್ತರ ಕೊಟ್ಟರೂ ಆ ಉತ್ತರ ಸುಳ್ಳಾಗುತ್ತದೆ. ಆದ್ದರಿಂದ ಅಂಥ ಪರೀಕ್ಷಕ ಇರಲಾರ. ಇನ್ನೂ ಚುರುಕಾದ ಯಂತ್ರ ಬಂದರೆ ಆಗುವ ಕೆಲಸ ಇದಲ್ಲ, ತರ್ಕವೇ ಹಾಕಿರುವ ಗಡಿ. ‘ನೂರಕ್ಕೆ ನೂರು ರಕ್ಷಣೆ’ ಎಂದು ಡಬ್ಬಿಯ ಮೇಲೆ ಅಚ್ಚುಹಾಕಿದವರು ಈ ಗಡಿಯ ಬಗ್ಗೆ ಕೇಳಿಲ್ಲ, ಇಲ್ಲವೇ ನಾವು ಕೇಳಿಲ್ಲವೆಂದು ನಂಬಿದ್ದಾರೆ.

ಹಾಗೆಂದು ಆಂಟಿವೈರಸ್ ದಂಡವೆಂದಲ್ಲ. ಪೊಲೀಸ್ ಠಾಣೆಯ ಗೋಡೆಯ ಫೋಟೋಗಳಂತೆ ಹಳೆಯ ಕಳ್ಳರ ಗುರುತುಗಳನ್ನು ಅದು ಇಟ್ಟುಕೊಂಡಿರುತ್ತದೆ. ಫೋಟೋ ಇಲ್ಲದವರ ನಡವಳಿಕೆಯನ್ನು, ಅಂದರೆ ಒಮ್ಮೆಲೇ ನೂರಾರು ಕಡತಗಳನ್ನು ಬದಲಿಸುವುದು, ಕಂಪ್ಯೂಟರ್ ಶುರುವಾಗುವಾಗಲೇ ಓಡುವಂತೆ ತನ್ನನ್ನು ಸೇರಿಸಿಕೊಳ್ಳುವುದು ಮುಂತಾದವನ್ನು, ಗಮನಿಸುತ್ತದೆ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್‌ನೊಳಗೇ ಬರುತ್ತದೆ, ಮನೆಬಳಕೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಹೊಸ ಲ್ಯಾಪ್‌ಟಾಪಿನೊಡನೆ ಬಂದ ಇನ್ನೊಂದು ಕಂಪನಿಯ ಆಂಟಿವೈರಸ್ಸಿನ ಅವಧಿ ಮುಗಿದಿದ್ದರೆ ಅದನ್ನು ತೆಗೆದುಹಾಕಿ. ಡಿಫೆಂಡರ್ ತಾನೇ ಕೆಲಸಕ್ಕೆ ಮರಳುತ್ತದೆ.

ಹಾಗಾದರೆ ನಮ್ಮ ಮನೆಯಲ್ಲಿ ಡಿಫೆಂಡರ್ ಏಕೆ ಸುಮ್ಮನಿತ್ತು? ಹುಡುಕಿದಾಗ ಕಂಡದ್ದು ನಾಚಿಕೆಯ ಸಂಗತಿ. ‘ಇವನ್ನು ಪರೀಕ್ಷಿಸಬೇಡ’ ಎಂದು ಅದಕ್ಕೆ ಕೊಡುವ ಪಟ್ಟಿಯಲ್ಲಿ ಸಿ ಡ್ರೈವ್ ಇಡಿಯಾಗಿ ಇತ್ತು, ಪೆನ್‌ಡ್ರೈವಿಗೆ ಸಿಗುವ ಇ ಅಕ್ಷರವೂ ಇತ್ತು. ಆರು ತಿಂಗಳ ಹಿಂದೆ ಮದುವೆಯ ಕರೆಯೋಲೆ ಮಾಡಲೆಂದು ಪರಿಚಯದ ಹುಡುಗನೊಬ್ಬನಿಂದ ಪುಟವಿನ್ಯಾಸದ ತಂತ್ರಾಂಶವೊಂದರ ‘ಕ್ರ್ಯಾಕ್’ ಪ್ರತಿ, ಅಂದರೆ ಪರವಾನಗಿಯ ಬೀಗ ಒಡೆದ ಕಳ್ಳ ಪ್ರತಿ, ಹಾಕಿಸಿಕೊಂಡಿದ್ದೆ. ಅದರ ಜೊತೆಗಿದ್ದ ಸೂಚನೆಯ ಮೊದಲ ಸಾಲೇ ಆಂಟಿವೈರಸ್ಸಿನಿಂದ ವಿನಾಯಿತಿ ಕೊಡಿ ಎಂಬುದಾಗಿತ್ತು, ಕೊಟ್ಟಿದ್ದೆ. ‘ಮೊದಲು ನಾಯಿಯನ್ನು ಕಟ್ಟಿಹಾಕಿ, ಆಮೇಲೆ ಒಳಗೆ ಬರುತ್ತೇವೆ’ ಎಂದು ಅಪರಿಚಿತರು ಗೇಟಿನ ಹೊರಗಿನಿಂದ ಕೂಗಿದರೆ ಯಾವ ಮನೆಯವರೂ ಕಟ್ಟಿಹಾಕುವುದಿಲ್ಲ. ತಂತ್ರಾಂಶ ಬಿಟ್ಟಿ ಸಿಗುತ್ತದೆಂದಾಗ ನಾನು ಕಟ್ಟಿಹಾಕಿದ್ದೆ.

ಕೋಹೆನ್‌ರ ಪ್ರಯೋಗದಿಂದ ಮನೆಗೆ ತರಬಹುದಾದ ದೊಡ್ಡ ವಿವೇಕ ಅಧಿಕಾರದ ಕುರಿತದ್ದು. ವೈರಸ್ಸಿಗೆ ಸಿಗುವುದು ಅದನ್ನು ಓಡಿಸಿದವರ ಅಧಿಕಾರವಾದರೆ, ದಿನನಿತ್ಯದ ಕೆಲಸವನ್ನು ಕಡಿಮೆ ಅಧಿಕಾರದ ಖಾತೆಯಿಂದ ಮಾಡಬೇಕು. ಹೊಸ ವಿಂಡೋಸ್‌ನಲ್ಲಿ ನಾವು ತೆರೆಯುವ ಮೊದಲ ಖಾತೆ ‘ಅಡ್ಮಿನಿಸ್ಟ್ರೇಟರ್’ ಆಗಿರುತ್ತದೆ, ಬಹುತೇಕ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರೂ ಅದರಲ್ಲೇ ಕೂರುತ್ತಾರೆ. ಈಗ ನಮ್ಮಲ್ಲಿ ಎಲ್ಲರಿಗೂ ‘ಸ್ಟ್ಯಾಂಡರ್ಡ್’ ಖಾತೆ, ನನಗೂ ಅದೇ. ಹೊಸದೇನನ್ನಾದರೂ ಇಡೀ ಯಂತ್ರಕ್ಕೆ ಹಾಕಬೇಕಾದಾಗ ಪರದೆ ಮಬ್ಬಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅದು ಇರುವುದು ನನ್ನ ಹೆಂಡತಿಯ ಬಳಿ. ಎದ್ದು ಹೋಗಿ ಅವಳನ್ನು ಕೇಳಬೇಕಾದ ಆ ಅರ್ಧ ನಿಮಿಷದಲ್ಲಿ ಎಷ್ಟೋ ತಂತ್ರಾಂಶಗಳು ಬೇಡವೆನ್ನಿಸಿವೆ. ಈ ಏರ್ಪಾಡಿಗೂ ಮಿತಿಯಿದೆ: ಖಾತೆದಾರನ ಸ್ವಂತ ಫೋಟೋ, ಪತ್ರಗಳನ್ನು ಹಾಳುಮಾಡಲು ವೈರಸ್ಸಿಗೆ ಅಡ್ಮಿನ್ ಆಗಬೇಕಾಗಿಲ್ಲ.

ಯಾರ ಬೆರಳೂ ಬೇಡದ ಜಾತಿಯೂ ಒಂದಿದೆ. 2017ರ ಮೇ 12ರಂದು ಹೊರಟ ವಾನಾಕ್ರೈ, ವಿಂಡೋಸ್‌ನ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನೇ ನುಗ್ಗಿ, ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿತು. ಆ ದೋಷದ ತೇಪೆಯನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ್ದು ಮಾರ್ಚ್ 14ರಂದು, ದಾಳಿಗೆ 59 ದಿನ ಮೊದಲು. ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂಬ ನೀಲಿ ಪರದೆಗೆ ಶಾಪ ಹಾಕುವಾಗಲೆಲ್ಲ ನಾನು ಈ ಲೆಕ್ಕವನ್ನು ನೆನೆದು ಸುಮ್ಮನಾಗುತ್ತೇನೆ. ವಿಂಡೋಸ್ 10ಕ್ಕೆ ಉಚಿತ ತೇಪೆಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದನ್ನೇ ಬಳಸುವವರು ಹೆಚ್ಚುವರಿ ಅವಧಿಗೆ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ಬೇರೆ ವ್ಯವಸ್ಥೆಗೆ ಹೋಗಬೇಕು. ಮನೆಯ ವೈಫೈ ರೌಟರ್ ಹೊರಗಿನಿಂದ ತಾನಾಗಿ ಬರುವ ಇಂಥ ಕರೆಗಳನ್ನು ಕಾಂಪೌಂಡ್ ಗೋಡೆಯಂತೆ ತಡೆಯುತ್ತದೆ, ಆದರೆ ಅದರ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇದ್ದರೆ ಗೋಡೆಯಲ್ಲಿ ಗೇಟು ತೆರೆದೇ ಇದೆ.

ಝೆರಾಕ್ಸ್ ಅಂಗಡಿಯವರನ್ನು ದೂರಿ ಫಲವಿಲ್ಲ. ಪರೀಕ್ಷೆಯ ದಿನಗಳಲ್ಲಿ ಒಂದೇ ಕಂಪ್ಯೂಟರಿಗೆ ದಿನಕ್ಕೆ ಎಷ್ಟೋ ಪೆನ್‌ಡ್ರೈವ್ ಬೀಳುತ್ತವೆ. ಅದು ಊರ ಬಾವಿ. ನಾವು ಬದಲಿಸಿಕೊಂಡದ್ದು ಕೊಂಡೊಯ್ಯುವ ಕ್ರಮವನ್ನು. ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ವರ್ಡ್ ಕಡತ ಅಂಗಡಿಯಲ್ಲಿ ಕಲಸುಮೇಲೋಗರವಾಗುತ್ತದೆಂಬ ಭಯಕ್ಕೆ ಅವಳು ಇಡೀ ಫೋಲ್ಡರನ್ನು, ಫಾಂಟ್ ಸಮೇತ, ಹೊತ್ತೊಯ್ಯುತ್ತಿದ್ದಳು. ಪಿಡಿಎಫ್ ಮಾಡಿದರೆ ಅಕ್ಷರರೂಪಗಳನ್ನು ಕಡತದೊಳಗೇ ಸೇರಿಸಬಹುದು, ಅಂಗಡಿಯಲ್ಲಿ ನುಡಿ ಇರಲೇಬೇಕೆಂದಿಲ್ಲ. ಈಗ ಮುದ್ರಣಕ್ಕೆಂದೇ ಒಂದು ಬಡ ಪೆನ್‌ಡ್ರೈವ್ ಇದೆ. ಅದರಲ್ಲಿ ಒಂದು ಪಿಡಿಎಫ್ ಬಿಟ್ಟು ಬೇರೇನೂ ಹೋಗುವುದಿಲ್ಲ, ಮರಳಿ ಬಂದಾಗ ಅದನ್ನು ತೆರೆಯದೆಯೇ ಫಾರ್ಮ್ಯಾಟ್ ಮಾಡುತ್ತೇವೆ. ವಾಟ್ಸ್ಆ್ಯಪ್ ವೆಬ್ ಮೂಲಕ ಕಡತ ಇಳಿಸುವವರು ಲಾಗ್ ಔಟ್ ಮಾಡಲು ಮರೆತು, ಮನೆಯ ಮಾತನ್ನೆಲ್ಲ ಅಂಗಡಿಯಲ್ಲಿ ಬಿಟ್ಟುಬರುವುದನ್ನೂ ಕಂಡಿದ್ದೇನೆ.

ಕ್ರ್ಯಾಕ್ ಪ್ರತಿಯ ಜೊತೆ ನಮಗೆ ಬಂದದ್ದು ಆ ವಿನಾಯಿತಿಯೊಂದೇ, ಅದು ಅದೃಷ್ಟ. ಮನೆಬಳಕೆಯ ಕಂಪ್ಯೂಟರುಗಳನ್ನೇ ಹೆಚ್ಚಾಗಿ ಹಿಡಿಯುವ ‘ಸ್ಟಾಪ್’ ಎಂಬ ರಾನ್ಸಮ್‌ವೇರ್ ಕುಲ ಹರಡಿದ್ದೇ ಇಂಥ ಕ್ರ್ಯಾಕ್‌ಗಳ ಜೊತೆಗೆ. ರಾನ್ಸಮ್‌ವೇರ್ ನಮ್ಮ ಕಡತಗಳನ್ನು ಕದಿಯಬೇಕಾಗಿಲ್ಲ, ಇದ್ದಲ್ಲೇ ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಯನ್ನು ದೂರದಲ್ಲೆಲ್ಲೋ ಇಟ್ಟುಕೊಂಡು ಹಣ ಕೇಳುತ್ತದೆ. ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಇಟ್ಟುಕೊಂಡಿರುವ ನೆರಳು ಪ್ರತಿಗಳನ್ನೂ ಅಳಿಸಿಹಾಕುತ್ತದೆ. 2016ರಲ್ಲಿ ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಕೆಲವು ಕುಲಗಳಿಗೆ ಬಿಡಿಸುವ ಸಾಧನ ಉಚಿತವಾಗಿ ಸಿಗುತ್ತದೆ, ಎಲ್ಲಕ್ಕೂ ಅಲ್ಲ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಕಡತಗಳನ್ನು ಮರಳಿ ಕೊಡಿಸುವ ಭರವಸೆಯ ವಸ್ತು ಒಂದೇ, ಮೊದಲೇ ಮಾಡಿಟ್ಟ ಇನ್ನೊಂದು ಪ್ರತಿ. ಆ ಪ್ರತಿಯ ಡಿಸ್ಕ್ ಕಂಪ್ಯೂಟರಿಗೆ ಸದಾ ಅಂಟಿಕೊಂಡಿದ್ದರೆ ಅದೂ ಗೂಢಲಿಪಿಯಾಗುತ್ತದೆ, ಆದ್ದರಿಂದ ಅದು ಕಳಚಿಟ್ಟದ್ದಾಗಿರಬೇಕು.

ಆ ಘಟನೆಯ ವಾರದಲ್ಲೇ ಒಂದು ಟೆರಾಬೈಟಿನ ಹೊರ ಡಿಸ್ಕ್ ತಂದೆ. ಭಾನುವಾರ ಹಾಕುವುದು, ‘ಡಾಕ್ಯುಮೆಂಟ್ಸ್’ ಮತ್ತು ‘ಪಿಕ್ಚರ್ಸ್’ ಎರಡನ್ನೂ ನಕಲಿಸುವುದು, ಕಳಚಿ ಬೀರುವಿನಲ್ಲಿ ಮನೆಪತ್ರದ ಪಕ್ಕದಲ್ಲಿಡುವುದು. ಮೂರನೆಯ ಭಾನುವಾರ, ಪ್ರತಿ ನಿಜಕ್ಕೂ ತೆರೆಯುತ್ತದೆಯೇ ನೋಡೋಣವೆಂದು ಅಣ್ಣನ ಮಗಳನ್ನು ಕೂರಿಸಿ ಅವಳ ಕಡತಗಳನ್ನು ಬೇರೊಂದು ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೆರೆಸಿದೆ. ಮೊದಲ ಮೂರು ಅಧ್ಯಾಯಗಳು ಇದ್ದವು. ಅವಳ ಗೈಡ್ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಿದ್ದನ್ನೆಲ್ಲ ಸೇರಿಸಿ ಎರಡು ರಾತ್ರಿ ಕೂತು ಬರೆದ ನಾಲ್ಕನೆಯದು ಇರಲಿಲ್ಲ. ಅದನ್ನು ಅವಳು ‘ಡೆಸ್ಕ್‌ಟಾಪ್’ ಮೇಲೆ ಉಳಿಸಿದ್ದಳು. ನಕಲಿಸುವ ಪಟ್ಟಿಗೆ ಆ ಸಂಜೆಯೇ ಮೂರನೆಯ ಫೋಲ್ಡರ್ ಸೇರಿತು.