ನಂಬಿಕೆ ಒಂದಲ್ಲದವರ ನಡುವೆ ಕೃಪೆ ಸಿಗುವುದೇ?

ಪ್ರಶ್ನೆ: ನನಗೆ ನಲವತ್ತು ದಾಟಿದೆ. ಚಿಕ್ಕಂದಿನಿಂದ ಮಾಡಿಕೊಂಡು ಬಂದ ಪೂಜೆ, ವ್ರತಗಳಲ್ಲಿ ಈಗ ಮನಸ್ಸು ನಿಲ್ಲುತ್ತಿಲ್ಲ. ಹಾಗೆಂದು ನಾಸ್ತಿಕನೆಂದು ಹೇಳಿಕೊಳ್ಳಲೂ ಆಗುತ್ತಿಲ್ಲ. ಇದನ್ನೇ ನಂಬಬೇಕೆಂದು ಕಟ್ಟಳೆ ಹಾಕದ ಉದಾರ ಧಾರ್ಮಿಕ ಸಮುದಾಯಗಳಿವೆ ಎಂದು ಓದಿದ್ದೇನೆ. ಒಬ್ಬೊಬ್ಬರದು ಒಂದೊಂದು ನಂಬಿಕೆಯಾದರೆ ಅಲ್ಲಿ ಕೃಪೆ, ಹೊಸ ಚೈತನ್ಯ, ಧೈರ್ಯ ಇವೆಲ್ಲ ಹೇಗೆ ಸಿಗುತ್ತವೆ? ಕಾರ್ತಿಕದಲ್ಲಿ ದೀಪ ಹಚ್ಚು ಎಂದು ಅಮ್ಮ ಹೇಳಿದರೆ ನಾನೇನು ಮಾಡಲಿ?
(ಓದುಗರು, ಸಾಗರ ತಾಲ್ಲೂಕು)

ಉತ್ತರ: ಸಿಗುತ್ತವೆ. ಆದರೆ ಕಟ್ಟಳೆಗಳನ್ನು ತೆಗೆದುಹಾಕಿದ ಮಾತ್ರಕ್ಕೆ ಸಿಗುವುದಿಲ್ಲ. ಉದಾರ ಸಮುದಾಯಗಳ ಬಗ್ಗೆ ಮಾತನಾಡುವಾಗ ಈ ಎರಡನೆಯ ಮಾತು ಹಿಂದೆ ಬೀಳುವುದರಿಂದ ಅದನ್ನು ಮೊದಲೇ ಹೇಳುತ್ತಿದ್ದೇನೆ.

ನೀವು ಓದಿರುವ ಸಮುದಾಯಗಳಲ್ಲಿ, ತ್ರಿತ್ವವನ್ನು ಒಪ್ಪದೆ ದೇವರು ಒಬ್ಬನೇ ಎಂದ ಕ್ರೈಸ್ತರಿಂದ ಬೆಳೆದ ಯೂನಿಟೇರಿಯನ್ ಪರಂಪರೆ ಹಳೆಯದು. ಈಗ ರೊಮೇನಿಯಾಕ್ಕೆ ಸೇರಿರುವ ಟ್ರಾನ್ಸಿಲ್ವೇನಿಯಾದ ಟೋರ್ಡಾ ಪಟ್ಟಣದಲ್ಲಿ 1568ರಲ್ಲಿ ಸೇರಿದ ಸಭೆಯೊಂದು, ಬೋಧಕರು ತಮಗೆ ತಿಳಿದಂತೆ ಬೋಧಿಸಬಹುದು, ಊರಿನವರು ತಮಗೆ ಒಪ್ಪಿಗೆಯಾದ ಬೋಧಕರನ್ನು ಇಟ್ಟುಕೊಳ್ಳಬಹುದು ಎಂದು ಶಾಸನ ಮಾಡಿತು. ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಬೇಕು: ನಂಬಿಕೆಯೆಂಬುದು ದೇವರ ಕೊಡುಗೆ. ಕೊಡುಗೆಯಾಗಿ ಬರುವುದನ್ನು ಬಲವಂತದಿಂದ ತುಂಬಲಾಗದು. ಎಂದರೆ ಆ ಸ್ವಾತಂತ್ರ್ಯ ಕೃಪೆಯನ್ನು ನಿರಾಕರಿಸಿ ಹುಟ್ಟಿದ್ದಲ್ಲ, ಕೃಪೆಯನ್ನು ನಂಬಿಯೇ ಹುಟ್ಟಿದ್ದು. ಈ ಪರಂಪರೆ ನಮ್ಮ ದೇಶಕ್ಕೂ ಹೊಸದಲ್ಲ. 1795ರಲ್ಲಿ ವಿಲಿಯಂ ರಾಬರ್ಟ್ಸ್ ಎಂಬ ತಮಿಳರು ಮದ್ರಾಸಿನಲ್ಲಿ, 1887ರಲ್ಲಿ ಹಾಜೋಮ್ ಕಿಸ್ಸೋರ್ ಸಿಂಗ್ ಎಂಬ ಖಾಸಿ ಗೃಹಸ್ಥರು ಜೋವಾಯಿಯಲ್ಲಿ ಇಂಥ ಸಭೆಗಳನ್ನು ಆರಂಭಿಸಿದರು. ಘಟ್ಟದ ಕೆಳಗಿನ ಮಂಗಳೂರಿನಲ್ಲಿ 1870ರಷ್ಟು ಹಿಂದೆಯೇ, ವಿಗ್ರಹಪೂಜೆಯಿಲ್ಲದೆ ಒಬ್ಬನೇ ದೇವರನ್ನು ಆರಾಧಿಸುವ ಬ್ರಹ್ಮಸಮಾಜವಿತ್ತು. ದಲಿತರ ಶಿಕ್ಷಣಕ್ಕೆ ಬದುಕನ್ನೇ ಸವೆಸಿದ ಕುದ್ಮುಲ್ ರಂಗರಾಯರು ಆ ಸಮಾಜದವರು. ಇಂದಿನ ಯೂನಿಟೇರಿಯನ್ ಸಭೆಗಳಲ್ಲಿ ಬಹುಪಾಲು ಸದಸ್ಯರಿಂದ ನಂಬಿಕೆಯ ಘೋಷಣೆ ಕೇಳುವುದಿಲ್ಲ, ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತೇವೆ ಎಂಬ ಒಡಂಬಡಿಕೆಯನ್ನು ಕೇಳುತ್ತವೆ. ಅವರನ್ನು ಒಟ್ಟಿಗೆ ಹಿಡಿದಿಡುವುದು ಆ ಮಾತು.

ಇನ್ನು ಕೃಪೆ. ಮಲೆನಾಡಿನವರಾದ ನಿಮಗೆ ಮುಯ್ಯಾಳಿನ ಲೆಕ್ಕ ಗೊತ್ತೇ ಇದೆ. ನಾಟಿಗೋ ಕೊಯ್ಲಿಗೋ ಅವರು ನಮ್ಮಲ್ಲಿಗೆ ಒಂದು ದಿನ ಬಂದರೆ ನಾವು ಅವರಲ್ಲಿಗೆ ಒಂದು ದಿನ ಹೋಗಬೇಕು. ಬಹಳ ಒಳ್ಳೆಯ ಪದ್ಧತಿ, ಊರು ನಿಂತಿರುವುದೇ ಅದರ ಮೇಲೆ. ಆದರೆ ಅದು ಕೃಪೆಯಲ್ಲ. ತಿರುಗಿ ಬರಲಾರದವನ ಗದ್ದೆಗೂ ಜನ ಇಳಿದಾಗ ಅಲ್ಲಿ ಮುಯ್ಯಿಯ ಲೆಕ್ಕ ಮುಗಿದು ಬೇರೇನೋ ಶುರುವಾಗುತ್ತದೆ. ಶರಣರು ಷಟ್‌ಸ್ಥಲದಲ್ಲಿ, ಎಂದರೆ ಸಾಧನೆಯ ಆರು ಮೆಟ್ಟಿಲುಗಳಲ್ಲಿ, ಭಕ್ತ, ಮಹೇಶ ಆದ ಮೇಲೆ ಪ್ರಸಾದಿ ಎಂಬ ನೆಲೆಯನ್ನು ಇಟ್ಟಿದ್ದಾರೆ. ಕೈಗೆ ಬಂದದ್ದನ್ನೆಲ್ಲ ತನ್ನ ಗಳಿಕೆಯೆನ್ನದೆ ಪ್ರಸಾದವೆಂದು ಸ್ವೀಕರಿಸುವವನು ಪ್ರಸಾದಿ. ಕೊಟ್ಟವನು ಈಶ್ವರನೋ, ಪ್ರಕೃತಿಯೋ, ಪಕ್ಕದ ಮನೆಯವರೋ ಎಂಬ ವಿಷಯದಲ್ಲಿ ಸಭೆಯ ಇಬ್ಬರಿಗೆ ಎರಡು ಅಭಿಪ್ರಾಯವಿದ್ದರೂ ಇಬ್ಬರೂ ಹಾಗೆ ಸ್ವೀಕರಿಸಬಲ್ಲರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ, ಕಾಳಾಮುಖರೆಂಬ ಶೈವ ಪಂಥದವರ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ: ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ಬೌದ್ಧ, ಲೋಕಾಯತ ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿತ್ತು, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು, ಸಕಲ ಜೀವಿಗಳಿಗೂ ಅಭಯವಿತ್ತು. ದೇವರಿಲ್ಲವೆನ್ನುವ ಲೋಕಾಯತವನ್ನು ಓದಿಸುವ ಜಾಗದಲ್ಲೇ ಹಸಿದವನಿಗೆ ಎಲೆ ಹಾಕುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಶಿವಮೊಗ್ಗದಲ್ಲಿ ನಾವು ಏಳೆಂಟು ಮಂದಿ ಹದಿನೈದು ದಿನಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಎಲ್ಲರೂ ಓದಿದವರು, ಯಾರಿಗೂ ಯಾರ ಮೇಲೂ ಒತ್ತಾಯವಿಲ್ಲ. ಆತ್ಮವಿದೆಯೋ ಇಲ್ಲವೋ ಎಂದು ಮೂರು ಸಭೆಗಳಲ್ಲಿ ಚರ್ಚಿಸಿದೆವು. ಅದರ ಮರುವಾರವೇ ನಮ್ಮವರೊಬ್ಬರ ತಾಯಿ ತೀರಿಕೊಂಡರು, ನಮ್ಮಲ್ಲಿ ಒಬ್ಬರೂ ಅವರ ಮನೆಗೆ ಹೋಗಲಿಲ್ಲ. ಹೋಗಿ ಏನು ಹೇಳಬೇಕೆಂದು ನಮಗೆ ತಿಳಿದಿರಲಿಲ್ಲ. ಏನೂ ಹೇಳದೆ ಹೊರಗಿನ ಜಗಲಿಯಲ್ಲಿ ಕೂತಿದ್ದರೂ ಸಾಕಿತ್ತು ಎಂಬುದು ಆಮೇಲೆ ಹೊಳೆಯಿತು. ಆ ವೇಳೆಗೆ ಅವರು ಸಭೆಗೆ ಬರುವುದನ್ನು ನಿಲ್ಲಿಸಿದ್ದರು, ವರ್ಷದೊಳಗೆ ಸಭೆಯೂ ನಿಂತಿತು. ನಮ್ಮಲ್ಲಿ ಸ್ವಾತಂತ್ರ್ಯಕ್ಕೇನೂ ಕೊರತೆಯಿರಲಿಲ್ಲ, ಒಡಂಬಡಿಕೆ ಮಾತ್ರ ಇರಲಿಲ್ಲ.

ಹೊಸತಾಗುವ ವಿಷಯಕ್ಕೆ ನಿಮ್ಮ ತಾಲ್ಲೂಕಿನ ಅಡಿಕೆ ತೋಟವನ್ನೇ ನೋಡಬಹುದು. ತೋಟ ತನ್ನ ಉದುರೆಲೆಯೊಂದರಿಂದಲೇ ಫಲ ಕೊಡುತ್ತ ಹೋಗುವುದಿಲ್ಲ, ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಬುಡಕ್ಕೆ ಹಾಕಬೇಕು. ಉದಾರ ಸಮುದಾಯಗಳು ಒಂದೇ ಗ್ರಂಥಕ್ಕೆ ಕಟ್ಟುಬೀಳದೆ ಹಲವು ಮತಗಳ ಮಾತುಗಳನ್ನು, ವಿಜ್ಞಾನವನ್ನು, ತಮ್ಮ ಅನುಭವವನ್ನು ಆಕರವಾಗಿ ಇಟ್ಟುಕೊಳ್ಳುವುದು ಈ ಕಾರಣಕ್ಕೆ. ಪ್ರಾಗ್ ನಗರದ ಯೂನಿಟೇರಿಯನ್ ಬೋಧಕ ನಾರ್ಬರ್ಟ್ ಚಾಪೆಕ್ 1923ರಲ್ಲಿ ಒಂದು ಸರಳ ಆಚರಣೆಯನ್ನು ಆರಂಭಿಸಿದರು: ಬಂದವರೆಲ್ಲ ಒಂದೊಂದು ಹೂ ತರುವುದು, ಎಲ್ಲವನ್ನೂ ಒಟ್ಟಿಗೆ ಇಡುವುದು, ಹೊರಡುವಾಗ ಇನ್ನೊಬ್ಬರು ತಂದ ಹೂವನ್ನು ಒಯ್ಯುವುದು. ಹಳೆಯ ಚರ್ಚುಗಳನ್ನು ಬಿಟ್ಟು ಬಂದವರಿಗೆ ರೊಟ್ಟಿ ಮತ್ತು ದ್ರಾಕ್ಷಾರಸದ ವಿಧಿ ಒಗ್ಗುತ್ತಿರಲಿಲ್ಲವಾದ್ದರಿಂದ ಅವರು ಹೂವನ್ನು ಆರಿಸಿಕೊಂಡರು. ಆಚರಣೆಗಳೇ ಬೇಡವೆನ್ನುವ ವಿಚಾರವಾದಿ ಮಿತ್ರರಿಗೆ ನಾನು ಈ ಹೂವಿನ ಸಂಗತಿಯನ್ನು ಹೇಳುವುದುಂಟು. ಚಾಪೆಕ್ ಅವರನ್ನು ನಾಜಿಗಳು ದಾಖೌ ಶಿಬಿರದಲ್ಲಿಟ್ಟು 1942ರಲ್ಲಿ ಕೊಂದರು.

ಧೈರ್ಯಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದು ಶರಣರಿಗೂ ಗೊತ್ತಿತ್ತು. ಅಲ್ಲಮ ಬಳ್ಳಿಗಾವೆಯವರು, ಅಕ್ಕಮಹಾದೇವಿ ಉಡುತಡಿಯವರು. ಎರಡೂ ಊರುಗಳು ಒಂದೇ ತಾಲ್ಲೂಕಿನವು. ಎಲ್ಲವನ್ನೂ ಬಿಟ್ಟು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮರು ಸುಮ್ಮನೆ ಕೊಂಡಾಡಿ ಕೂರಿಸಲಿಲ್ಲ, ತುಂಬಿದ ಸಭೆಯಲ್ಲಿ ಕಠಿಣವಾಗಿ ಪ್ರಶ್ನಿಸಿದರು ಎಂದು ಪರಂಪರೆ ಹೇಳುತ್ತದೆ. ಅಕ್ಕ ಉತ್ತರ ಕೊಟ್ಟಳು, ಸಭೆ ಅವಳಿಗೆ ತಲೆಬಾಗಿತು. ಅದೇ ಸಮುದಾಯ ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಬೆನ್ನಿಗೆ ನಿಂತಾಗ ಕಲ್ಯಾಣವೇ ಚದುರಿಹೋಯಿತು. ನಮ್ಮ ಕಾಲಕ್ಕೆ ಸಮೀಪದ ಉದಾಹರಣೆ ಬೇಕಿದ್ದರೆ ಕುಪ್ಪಳಿಗೆ ಹೋಗಬೇಕು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಅಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆದರೆ ಮಂತ್ರವನ್ನು ಅವರು ಬಿಡಲಿಲ್ಲ, ಗಂಡು ಹೆಣ್ಣಿಗೆ ಅರ್ಥವಾಗುವ ಮಾತನ್ನಾಗಿ ಮಾಡಿದರು. ಒಬ್ಬೊಬ್ಬರೇ ಇದ್ದಾಗ ಇಂಥದಕ್ಕೆ ಮನಸ್ಸಿದ್ದರೂ ಕಾಲು ಹಿಂದೆ ಸರಿಯುತ್ತದೆ, ಚಪ್ಪರದಲ್ಲಿ ಬಂದು ಕೂರುವ ಹತ್ತು ಜನರಿದ್ದರೆ ಕೆಲಸ ಆಗಿಬಿಡುತ್ತದೆ.

ನೀವು ಆರಂಭಿಸುವುದಾದರೆ ಕಟ್ಟಡ, ನೋಂದಣಿ ಯಾವುದೂ ಬೇಡ. ನಾಲ್ಕು ಜನ, ತಿಂಗಳಿಗೊಂದು ಸಂಜೆ, ಓದಲು ಒಂದು ವಚನವೋ ಸೂಫಿ ಮಾತೋ, ಸ್ವಲ್ಪ ಮೌನ, ಆಮೇಲೆ ಊಟ ಇದ್ದರೆ ಸಾಕು. ಕಾಯಿಲೆ, ಸಾವು, ಸಾಲ ಬಂದಾಗ ಯಾರು ಯಾರ ಮನೆಗೆ ಹೋಗಬೇಕೆಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ಊಟವಾದ ಮೇಲೆ ತಟ್ಟೆ ಲೋಟ ತೊಳೆಯುವವರು ಪ್ರತಿಸಲವೂ ಆ ಮನೆಯ ಹೆಂಗಸರೇ ಆಗಿದ್ದರೆ ಆ ಸಭೆಯನ್ನು ಉದಾರವೆಂದು ಕರೆಯಲು ನಾನಂತೂ ಒಪ್ಪುವುದಿಲ್ಲ.

ಅಮ್ಮ ಹೇಳಿದ ದೀಪವನ್ನು ಹಚ್ಚಿ. ನಿಮಗೆ ನಂಬಿಕೆಯಿಲ್ಲದ ಮಂತ್ರವನ್ನು ಹೇಳಬೇಕಾಗಿಲ್ಲ, ಹಾಗೆಂದು ಅವರಿಗೆ ನೇರವಾಗಿಯೇ ತಿಳಿಸಬಹುದು. ಬತ್ತಿ ಹೊಸೆಯುತ್ತ ಅವರ ಪಕ್ಕದಲ್ಲಿ ಕುಳಿತಾಗ, ಇಷ್ಟು ವರ್ಷ ಈ ದೀಪದ ಮುಂದೆ ನೀನು ಏನನ್ನು ಕೇಳಿಕೊಳ್ಳುತ್ತಿದ್ದೆ ಎಂದು ಅವರನ್ನು ವಿಚಾರಿಸಿ.