ನಮ್ಮ ನೇಮ ಬಿಡದೆ ಪರನಾಡಿನ ಊಟಕ್ಕೆ ಕೂರುವುದು ಹೇಗೆ?

ಪ್ರಶ್ನೆ: ನಾವು ಗದಗ ಜಿಲ್ಲೆಯವರು. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟದ ಮನೆತನ ನಮ್ಮದು. ಮಕ್ಕಳು ನಮ್ಮನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯಬೇಕೆಂದಿದ್ದಾರೆ. ಹೋಗಿಬಂದ ಬಂಧುಗಳೆಲ್ಲ ಅಲ್ಲಿ ದಿನಾಲೂ ನಮ್ಮ ಅನ್ನ, ಸಾರು, ಚಪಾತಿಯೇ ಸಿಕ್ಕಿತೆಂದು ಸಮಾಧಾನದಿಂದ ಹೇಳುತ್ತಾರೆ. ಅಷ್ಟು ದೂರ ಹೋಗಿ, ಅಲ್ಲಿಯ ಜನ ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎಂಬುದನ್ನು ತಿಳಿಯದೆ ಮರಳುವುದು ನನಗೆ ಸರಿ ಕಾಣುತ್ತಿಲ್ಲ. ಆಹಾರದ ನೇಮವನ್ನು ಬಿಡದೆಯೇ ಅಲ್ಲಿಯ ಊಟ, ಸಂಸ್ಕೃತಿ, ಪರಂಪರೆಗಳನ್ನು ಅರಿಯಲು ದಾರಿಯಿದೆಯೇ?

ಉತ್ತರ: ದಾರಿಯಿದೆ. ಹೋಗುವ ನಾಡಿನವರು ತಮ್ಮ ವ್ರತದ ದಿನಗಳಲ್ಲಿ ಏನು ಉಣ್ಣುತ್ತಾರೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ‘ಸಸ್ಯಾಹಾರಿಗಳಿಗೆ ಏನಿದೆ?’ ಎಂದಷ್ಟೇ ಕೇಳಿದರೆ ಜಗತ್ತಿನ ಯಾವ ಊರಿನಲ್ಲಾದರೂ ಪಿಜ್ಜಾ, ಹಸಿ ತರಕಾರಿ, ಕರಿದ ಆಲೂಗಡ್ಡೆ ಮುಂದೆ ಬರುತ್ತವೆ. ಹಸಿವು ಹಿಂಗುತ್ತದೆಯಾದರೂ ಆ ನಾಡಿನ ಬಗ್ಗೆ ಅವು ಏನನ್ನೂ ತಿಳಿಸುವುದಿಲ್ಲ. ಆದರೆ ಮಾಂಸವನ್ನು ಬಿಡುವ ದಿನಗಳು ಬೇರೆ ಬೇರೆ ಧರ್ಮಗಳ ಪಂಚಾಂಗದಲ್ಲಿಯೂ ಇವೆ, ಮತ್ತು ಆ ದಿನಗಳಿಗೆಂದೇ ತಲೆಮಾರುಗಳಿಂದ ಬೆಳೆದುಬಂದ ಅಡುಗೆಗಳಿವೆ. ಅದು ಪ್ರವಾಸಿಗರಿಗಾಗಿ ಹೊಂದಿಸಿಕೊಟ್ಟ ಊಟವಲ್ಲ. ಅಲ್ಲಿಯ ಹಿರಿಯರು, ಸನ್ಯಾಸಿಗಳು, ಬಡ ಒಕ್ಕಲುಮಕ್ಕಳು ಉಂಡ ಊಟ ಅದು. ನಿಮ್ಮ ನೇಮ ನಿಮ್ಮನ್ನು ಅಲ್ಲಿಯ ಸಂಸ್ಕೃತಿಯಿಂದ ದೂರ ಇಡುವ ಬದಲು ಅದರ ಅತ್ಯಂತ ಹಳೆಯ ಭಾಗದ ಹತ್ತಿರಕ್ಕೇ ಕರೆದೊಯ್ಯಬಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಇಥಿಯೋಪಿಯಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿಯ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡುತ್ತಾರೆ. ಈಸ್ಟರ್ ಹಬ್ಬಕ್ಕೆ ಮುಂಚಿನ 55 ದಿನಗಳ ದೊಡ್ಡ ಉಪವಾಸವೂ, ಬೇರೆ ಹಲವು ಸಣ್ಣ ಉಪವಾಸಗಳೂ ಇದಕ್ಕೆ ಸೇರಿಕೊಳ್ಳುತ್ತವೆ. ಆ ದಿನಗಳಲ್ಲಿ ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಗಳೂ ವರ್ಜ್ಯ. ಇಷ್ಟು ದಿನಗಳ ವ್ರತವನ್ನು ಶತಮಾನಗಳಿಂದ ನಡೆಸಿಕೊಂಡು ಬಂದ ಜನ ಬೇಳೆಕಾಳು, ಸೊಪ್ಪು, ತರಕಾರಿಗಳಿಂದಲೇ ಅತ್ಯಂತ ಸಂಪನ್ನವಾದ ಅಡುಗೆಯೊಂದನ್ನು ಕಟ್ಟಿಕೊಂಡಿದ್ದಾರೆ. ಊಟದ ಮನೆಯಲ್ಲಿ ‘ಯೆ-ತ್ಸೋಮ್ ಬೆಯಾಯ್ನೆಟು’ ಎಂದು ಕೇಳಿದರೆ ಸಾಕು, ಅಗಲವಾದ ಒಂದೇ ತಟ್ಟೆಯ ಮೇಲೆ ಇಂಜೆರಾ ಹಾಸಿ, ಅದರ ಮೇಲೆ ಕೆಂಪು ಚನ್ನಂಗಿ ಬೇಳೆಯ ಖಾರದ ಪಲ್ಯ, ಕಡಲೆಹಿಟ್ಟಿನಿಂದ ಕುದಿಸಿದ ಶಿರೋ, ಬೇಯಿಸಿದ ಸೊಪ್ಪು, ಎಲೆಕೋಸು, ಬೀಟ್‌ರೂಟ್ ಇವುಗಳನ್ನು ಬೇರೆ ಬೇರೆ ಗುಡ್ಡೆಗಳಾಗಿ ಬಡಿಸಿ ತರುತ್ತಾರೆ. ಇಂಜೆರಾ ಎಂದರೆ ಟೆಫ್ ಎಂಬ ಅತಿ ಸಣ್ಣ ಕಾಳಿನ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಹಂಚಿನ ಮೇಲೆ ಒಂದೇ ಬದಿ ಬೇಯಿಸಿದ ಮೆತ್ತನೆಯ ರೊಟ್ಟಿ. ಸುತ್ತ ಕುಳಿತವರೆಲ್ಲ ಬಲಗೈಯಿಂದ ಅದನ್ನೇ ಮುರಿದು, ಪಲ್ಯವನ್ನು ಹಿಡಿದು ಉಣ್ಣುತ್ತಾರೆ. ಪ್ರೀತಿಪಾತ್ರರಾದವರಿಗೆ, ಅತಿಥಿಗಳಿಗೆ ಒಂದು ತುತ್ತು ಮಾಡಿ ಬಾಯಿಗೆ ಇಡುವುದು ಗೌರವದ ಕುರುಹು. ಅದಕ್ಕೆ ‘ಗುರ್ಶಾ’ ಎನ್ನುತ್ತಾರೆ. ಎಂಜಲಿನ ವಿಷಯದಲ್ಲಿ ಕಟ್ಟುನಿಟ್ಟಾದವರು ಬೇರೆ ತಟ್ಟೆ ಕೇಳಿಕೊಳ್ಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮ ಕಡೆಯವರು ಆ ಊಟವನ್ನು ವಿಶೇಷವಾಗಿ ಗಮನಿಸಬೇಕಾದ ಕಾರಣವೊಂದಿದೆ. ಧಾರವಾಡ, ಗದಗ, ಹಾವೇರಿಗಳ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಗುರೆಳ್ಳ ಚಟ್ನಿಪುಡಿ ಇರಲೇಬೇಕು. ಜೋಳವನ್ನು ಮನುಷ್ಯ ಮೊದಲು ಒಗ್ಗಿಸಿಕೊಂಡದ್ದು ಆಫ್ರಿಕದ ಈಶಾನ್ಯ ಭಾಗದಲ್ಲಿ, ಈಗಿನ ಸುಡಾನಿನ ಬಯಲುಗಳಲ್ಲಿ. ಅದು ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದಿತು. ಗುರೆಳ್ಳಿನ ತವರು ಇಥಿಯೋಪಿಯಾದ ಎತ್ತರದ ಸೀಮೆ. ಅದರ ಸಸ್ಯಶಾಸ್ತ್ರೀಯ ಹೆಸರಾದ ಗೈಜೋಷಿಯಾ ಅಬಿಸಿನಿಕಾ ಎಂಬುದರಲ್ಲಿ ಆ ದೇಶದ ಹಳೆಯ ಹೆಸರು ಈಗಲೂ ಉಳಿದಿದೆ. ಅಲ್ಲಿ ಅದನ್ನು ನುಗ್ ಎಂದು ಕರೆಯುತ್ತಾರೆ, ಮತ್ತು ಬೆಣ್ಣೆ ಬಿಟ್ಟ ಉಪವಾಸದ ದಿನಗಳ ಅಡುಗೆಗೆ ಬಳಕೆಯಾಗುತ್ತ ಬಂದದ್ದು ಆ ಕಾಳಿನ ಎಣ್ಣೆಯೇ. ಇಥಿಯೋಪಿಯಾದ ಕೆಲವು ಸೀಮೆಗಳಲ್ಲಿ ಜೋಳದ ಹಿಟ್ಟಿನಿಂದಲೂ ಇಂಜೆರಾ ಮಾಡುತ್ತಾರೆ. ಅವರ ಖಾರದಪುಡಿಯಾದ ಬೆರ್ಬೆರೆಯಲ್ಲಿರುವ ಮೆಣಸಿನಕಾಯಿ ಮಾತ್ರ, ನಮ್ಮ ಬ್ಯಾಡಗಿಯದರಂತೆಯೇ, ಮೂಲತಃ ಅಮೆರಿಕ ಖಂಡದ್ದು. ಕೊಲಂಬಸನ ಸಮುದ್ರಯಾನಗಳ ತರುವಾಯವೇ ಅದು ಈ ಎರಡೂ ನಾಡುಗಳನ್ನು ತಲುಪಿದ್ದು. ಇಷ್ಟನ್ನು ತಿಳಿದುಕೊಂಡು ಆ ತಟ್ಟೆಯ ಮುಂದೆ ಕುಳಿತವರಿಗೆ ಅದು ಅಪರಿಚಿತರ ಊಟವೆನಿಸಲಾರದು.

ಆ ಊಟದ ಹಿಂದಿರುವ ವ್ರತವನ್ನು ಕಾಣಬೇಕಾದರೆ ಇಥಿಯೋಪಿಯಾದ ಲಾಲಿಬೆಲಾ ಎಂಬ ಊರಿಗೆ ಹೋಗಬೇಕು. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ 11 ಚರ್ಚುಗಳು ಅಲ್ಲಿವೆ. 1978ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಯನ್ನು ಆರಂಭಿಸಿದಾಗ ಮೊದಲ ಸಾಲಿನಲ್ಲಿಯೇ ಅವುಗಳನ್ನು ಸೇರಿಸಿತು. ಅವು ಸ್ಮಾರಕಗಳಾಗಿ ಉಳಿದಿಲ್ಲ, ಇಂದಿಗೂ ಪೂಜೆ ನಡೆಯುವ ಸ್ಥಳಗಳು. ಒಳಗೆ ಹೋಗುವಾಗ ಪಾದರಕ್ಷೆ ಬಿಡಬೇಕು. ಬಿಳಿಯ ಹತ್ತಿಯ ವಸ್ತ್ರ ಹೊದ್ದ ಭಕ್ತರು ನಸುಕಿನಲ್ಲಿಯೇ ಬಂದು ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಾರೆ. ಆ ಪ್ರದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಶಾಂತಿಯಿದ್ದುದರಿಂದ, ಟಿಕೆಟ್ ತೆಗೆಸುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ನೋಡಿಕೊಳ್ಳುವುದು ಅವಶ್ಯಕ.

ಹಿರಿಯರ ಜೊತೆಗಿನ ಮೊದಲ ಪ್ರವಾಸಕ್ಕೆ ಜಪಾನು ಹೆಚ್ಚು ಸುಲಭ. ಆದರೆ ಸಸ್ಯಾಹಾರಿಗಳು ಅಲ್ಲಿ ಅರಿಯದೆ ನೇಮ ತಪ್ಪುವ ಸಂಭವವೂ ಹೆಚ್ಚು. ಅಲ್ಲಿಯ ಸಾಮಾನ್ಯ ಅಡುಗೆಯ ಬುನಾದಿಯಾದ ‘ದಾಶಿ’ ಎಂಬ ತಿಳಿರಸವನ್ನು ಬಹುಪಾಲು ಒಣಗಿಸಿದ ಮೀನಿನ ಚೂರುಗಳಿಂದ ತೆಗೆಯುತ್ತಾರೆ. ಬರೀ ತರಕಾರಿ ಕಾಣುವ ಪಲ್ಯದಲ್ಲಿಯೂ, ಮಿಸೊ ಸಾರಿನಲ್ಲಿಯೂ ಅದು ಸೇರಿರುತ್ತದೆ. ಇದಕ್ಕೆ ಪರಿಹಾರವೂ ಅಲ್ಲಿಯ ಪರಂಪರೆಯಲ್ಲಿಯೇ ಇದೆ. ‘ಶೋಜಿನ್ ರ್‍ಯೋರಿ’ ಎಂದು ಕರೆಯುವ ಬೌದ್ಧ ವಿಹಾರಗಳ ಅಡುಗೆಯಲ್ಲಿ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಗಳಿಂದ ರಸ ತೆಗೆಯುತ್ತಾರೆ. ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳನ್ನೂ ಹಾಕುವುದಿಲ್ಲ. ಒಸಾಕಾದ ದಕ್ಷಿಣಕ್ಕೆ, ಬೆಟ್ಟದ ಮೇಲಿರುವ ಕೋಯಾಸಾನ್ ಎಂಬ ಕ್ಷೇತ್ರವನ್ನು ಕೂಕಾಯ್ ಎಂಬ ಗುರುಗಳು 816ರಲ್ಲಿ ಸ್ಥಾಪಿಸಿದರು. ಅಲ್ಲಿಯ ಹತ್ತಾರು ವಿಹಾರಗಳು ಯಾತ್ರಿಕರಿಗೆ ವಸತಿ ಕೊಡುತ್ತವೆ. ಸಂಜೆ ಬೇಗನೆ ಚಾಪೆಯ ಮೇಲೆ ಕುಳಿತು, ಎಳ್ಳು ಅರೆದು ಗಟ್ಟಿಗೊಳಿಸಿದ ಗೋಮಾ-ದೋಫು, ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ-ದೋಫು, ಋತುವಿನ ಕಾಯಿಪಲ್ಯ, ಉಪ್ಪಿನಲ್ಲಿ ಹಾಕಿದ ತರಕಾರಿ, ಅನ್ನ ಇವುಗಳ ಊಟ. ಬೆಳಗ್ಗೆ ಎದ್ದು ಅವರ ಪೂಜೆಗೆ ಕುಳಿತುಕೊಳ್ಳುವ ಅವಕಾಶ. ನನ್ನ ಮಟ್ಟಿಗೆ, ಟೋಕಿಯೋದ ನಾಲ್ಕು ಗೋಪುರಗಳನ್ನು ಬಿಟ್ಟಾದರೂ ಅಲ್ಲಿ ಒಂದು ರಾತ್ರಿ ಉಳಿಯಬೇಕು.

ಈ ಅಡುಗೆಯ ಹಿಂದಿನ ಮನೋಭಾವವನ್ನು ತಿಳಿಸುವ ಹಳೆಯ ಪ್ರಸಂಗವೊಂದನ್ನು ಹೇಳಲೇಬೇಕು. ಜಪಾನಿನ ಝೆನ್ ಗುರು ಡೋಗೆನ್ ತಾರುಣ್ಯದಲ್ಲಿ, 1223ರಲ್ಲಿ, ಧರ್ಮವನ್ನು ಅರಸಿ ಚೀನಕ್ಕೆ ಹೋದಾಗ, ಅವರ ಹಡಗಿಗೆ ಅಣಬೆ ಕೊಳ್ಳಲು ವಯಸ್ಸಾದ ಸನ್ಯಾಸಿಯೊಬ್ಬರು ಬಂದರು. ಆತ ದೂರದ ವಿಹಾರವೊಂದರ ಅಡುಗೆಯ ಹೊಣೆ ಹೊತ್ತವರು. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಅಡುಗೆಯ ಗೊಡವೆ ಏಕೆಂದು ಡೋಗೆನ್ ಕೇಳಿದಾಗ, ಧರ್ಮವೆಂದರೇನೆಂಬುದು ನಿನಗಿನ್ನೂ ತಿಳಿದಿಲ್ಲವೆಂದು ಆ ಹಿರಿಯರು ನಕ್ಕರು. ಮುಂದೆ ಡೋಗೆನ್, ವಿಹಾರದ ಅಡುಗೆಯವರ ಕರ್ತವ್ಯಗಳ ಕುರಿತೇ 1237ರಲ್ಲಿ ಬರೆದರು. ಕಾಯಕದ ಮಾತು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ವಿಯೆಟ್ನಾಂನಲ್ಲಿ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ, ಅಂದರೆ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ, ಮಾಂಸ ಬಿಡುತ್ತಾರೆ. ‘ಚಾಯ್’, ಅಂದರೆ ಸಸ್ಯಾಹಾರ, ಎಂಬ ಫಲಕವಿರುವ ಅಂಗಡಿಗಳಲ್ಲಿ ಆ ದಿನಗಳಂದು ಸ್ಥಳೀಯರೇ ತುಂಬಿರುತ್ತಾರೆ. ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಹುವೆ ನಗರ ಈ ಅಡುಗೆಗೆ ಹೆಸರಾದದ್ದು, ಅಲ್ಲಿಯ ಅರಮನೆ, ಸಮಾಧಿಗಳು, ವಿಹಾರಗಳನ್ನು ನೋಡಲು ಹೇಗೂ ಹೋಗಬೇಕು. ಥಾಯ್ಲೆಂಡಿನಲ್ಲಿ ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದಿರುವ ಅಂಗಡಿಗಳನ್ನು ಹುಡುಕಿದರೆ ಸಾಕು. ಅಲ್ಲಿ ಮೀನಿನ ರಸವಾಗಲಿ, ಮೊಟ್ಟೆಯಾಗಲಿ ಇರುವುದಿಲ್ಲ.

ಟರ್ಕಿಯ ದಾರಿ ಬೇರೆ. ಇಸ್ತಾಂಬುಲ್‌ನ ಹಳೆಯ ಪೇಟೆಗಳಲ್ಲಿ ‘ಎಸ್ನಾಫ್ ಲೋಕಾಂತಾಸಿ’ ಎಂಬ ಊಟದ ಮನೆಗಳಿವೆ. ಪೇಟೆಯ ಅಂಗಡಿಕಾರರು, ಕೆಲಸಗಾರರು ಮಧ್ಯಾಹ್ನ ಉಣ್ಣುವ ಜಾಗ ಅದು. ನಮ್ಮ ಖಾನಾವಳಿಗಳಂತೆ ಆ ದಿನ ಮಾಡಿದ್ದನ್ನು ಆ ದಿನವೇ ಬಡಿಸಿ ಮುಗಿಸುತ್ತಾರೆ. ಅಡುಗೆಯನ್ನೆಲ್ಲ ಗಾಜಿನ ಹಿಂದೆ ಇಟ್ಟಿರುವುದರಿಂದ ಭಾಷೆ ಬಾರದವರೂ ಬೆರಳು ತೋರಿಸಿ ಕೇಳಬಹುದು. ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿದ ಹುರುಳಿಕಾಯಿ, ಬದನೆಕಾಯಿ, ಅನ್ನ ತುಂಬಿದ ದ್ರಾಕ್ಷಿ ಎಲೆ ಇವು ಅವರ ನಿತ್ಯದ ಊಟವೇ ಹೊರತು ಸಸ್ಯಾಹಾರಿಗಳಿಗೆಂದು ಮಾಡಿದ್ದಲ್ಲ.

ವಿಚಾರಿಸುವಾಗ ಪಾತ್ರೆಯ ಮೇಲೆ ಕಾಣುವುದಕ್ಕಿಂತ ತಳದಲ್ಲಿರುವುದನ್ನು ವಿಚಾರಿಸಬೇಕು. ಮೀನನ್ನು ಮಾಂಸವೆಂದು ಎಣಿಸದವರು, ಎಲುಬಿನ ರಸದಲ್ಲಿ ಬೇಯಿಸಿದ ಬೇಳೆಯನ್ನು ತರಕಾರಿಯ ಸಾರೆಂದೇ ತಿಳಿದವರು ಬಹಳ ಕಡೆ ಇದ್ದಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಟರ್ಕಿಯ ಬೇಳೆಸಾರಿಗೆ ಮಾಂಸದ ರಸ, ಇಂಡೋನೇಷ್ಯಾದ ಚಟ್ನಿಗೆ ಸಿಗಡಿಯ ಹಿಂಡಿ, ಮೆಕ್ಸಿಕೊದ ರಾಜ್ಮಾದಂಥ ಕಾಳಿಗೆ ಹಂದಿಯ ಕೊಬ್ಬು ಸೇರಿರಬಹುದು. ಇಟಲಿಯ ಪಾರ್ಮಿಜಾನೊ ಎಂಬ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂಬ ನಿಯಮವಿದೆ. ಆದ್ದರಿಂದ ಯಾವ ಯಾವುದನ್ನು ತಿನ್ನುವುದಿಲ್ಲವೆಂಬುದನ್ನು ಆ ದೇಶದ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆಸಿ, ಭಾಷೆ ಬಲ್ಲವರಿಂದ ತಿದ್ದಿಸಿ ಜೊತೆಗೆ ಒಯ್ಯಿರಿ.

ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಪ್ರವಾಸಿ ತಂಡಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯ, ವಯಸ್ಸಾದ, ಮೊದಲ ಸಲ ಊರು ಬಿಟ್ಟ ಜನರಿಗೆ ಅವು ಧೈರ್ಯ ಕೊಟ್ಟಿವೆ. ಆದರೆ ಮೂರು ಹೊತ್ತೂ ಅದೇ ಊಟವಾದರೆ ಬಸ್ಸಿನ ಕಿಟಕಿಯಿಂದ ಕಟ್ಟಡಗಳನ್ನು ನೋಡಿ ಬಂದಂತಾಗುತ್ತದೆ. ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ಪರಿಚಿತವಾಗಿರಲಿ. ಮಧ್ಯಾಹ್ನದ ಊಟವನ್ನು ಸ್ಥಳೀಯ ಊಟದ ಮನೆಯಲ್ಲಿ ಮಾಡುತ್ತೇವೆಂದು ಹಣ ಕಟ್ಟುವ ಮೊದಲೇ ತಂಡದವರೊಂದಿಗೆ ಮಾತಾಡಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆಗಿದ್ದರೆ ಹಸಿವಿನ ಭಯವಿಲ್ಲ. ಆದರೆ ಧಾರವಾಡ ಪೇಡೆಯ ಡಬ್ಬಿಯನ್ನು ಯುರೋಪಿಗೆ ಒಯ್ಯುವ ಯೋಚನೆ ಬೇಡ, ಹೊರಗಿನ ದೇಶಗಳ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿರ್ಬಂಧವಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಎಲ್ಲ ಆಹಾರವನ್ನೂ ಇಳಿದೊಡನೆ ಬರೆದು ತಿಳಿಸಲೇಬೇಕು, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಕಟ್ಟಡ, ಕಲೆಗಳ ವಿಷಯದಲ್ಲಿ ತಯಾರಿಯನ್ನು ಮನೆಯ ಹತ್ತಿರದಿಂದಲೇ ಆರಂಭಿಸಬಹುದು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನೂ, 24 ಮೂಲೆಗಳ ನಕ್ಷತ್ರದ ತಳವಿನ್ಯಾಸವಿರುವ ಡಂಬಳದ ದೊಡ್ಡಬಸಪ್ಪ ಗುಡಿಯನ್ನೂ ಒಂದು ಮಧ್ಯಾಹ್ನ ನಿಧಾನವಾಗಿ ಸುತ್ತಿ, ಕಲ್ಲು ಯಾವುದು, ಕಟ್ಟಿಸಿದವರು ಯಾರು, ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿದವರು ಲಾಲಿಬೆಲಾದಲ್ಲಾಗಲಿ ಹುವೆಯಲ್ಲಾಗಲಿ ಅದೇ ಪ್ರಶ್ನೆಗಳನ್ನು ಕೇಳಬಲ್ಲರು. ಮನೆಯಲ್ಲಿ ಕಸೂತಿ ಬಲ್ಲ ಅಜ್ಜಿಯೋ ಚಿಗವ್ವನೋ ಇದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಪ್ಯಾಲೆಸ್ತೀನಿನ ಹೆಂಗಸರ ‘ತತ್ರೀಜ್’ ಕಸೂತಿಯನ್ನು ಯುನೆಸ್ಕೊ 2021ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಊರೂರಿಗೆ ಬೇರೆ ಚಿತ್ತಾರಗಳಿದ್ದವು, ಉಡುಪನ್ನು ನೋಡಿ ಊರನ್ನು ಹೇಳಬಹುದಿತ್ತು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಹೊಲಿಗೆಗಳನ್ನು ಬಲ್ಲವರು ಅಂಥ ಕೆಲಸದ ಮುಂದೆ ಕುಳಿತರೆ, ಹೊಲಿಯುವವರೊಂದಿಗೆ ದುಭಾಷಿಯಿಲ್ಲದೆ ಗಂಟೆಗಟ್ಟಲೆ ಕಳೆಯಬಲ್ಲರು.

ನಿಮ್ಮ ಪ್ರವಾಸದ ತಿಂಗಳು ಇನ್ನೂ ನಿಶ್ಚಯವಾಗಿಲ್ಲವಾದರೆ ಅಲ್ಲಿಯ ವ್ರತದ ಪಂಚಾಂಗವನ್ನು ನೋಡಿ ನಿಶ್ಚಯಿಸಿ. ಇಥಿಯೋಪಿಯಾದ ದೊಡ್ಡ ಉಪವಾಸ ಫೆಬ್ರುವರಿ ಅಥವಾ ಮಾರ್ಚ್ ಆರಂಭದಲ್ಲಿ ತೊಡಗಿ ಈಸ್ಟರ್‌ವರೆಗೆ ನಡೆಯುತ್ತದೆ. ಥಾಯ್ಲೆಂಡಿನ ‘ಜೇ’ ಹಬ್ಬ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ ಒಂಬತ್ತು ದಿನಗಳ ಕಾಲ ಬರುತ್ತದೆ. ವಿಯೆಟ್ನಾಂಗಾದರೆ ಹುಣ್ಣಿಮೆಯ ದಿನ ಹುವೆಯಲ್ಲಿರುವಂತೆ ನೋಡಿಕೊಳ್ಳಿ. ಕೋಯಾಸಾನ್‌ನ ವಸತಿಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು, ಮತ್ತು ನೆಲದ ಮೇಲೆ ಕೂರಲಾಗದ ಹಿರಿಯರಿದ್ದರೆ ಕುರ್ಚಿಯ ವ್ಯವಸ್ಥೆಯಿದೆಯೇ ಎಂದು ಆಗಲೇ ಬರೆದು ಕೇಳಬೇಕು.