ಸಿಒಪಿಡಿ ಜೋರಾದಾಗ: ವಾರ್ಡ್ ಪೋಸ್ಟಿಂಗಿನವರಿಗೆ ಒಂದು ಟಿಪ್ಪಣಿ

ಮಳೆ ಹಿಡಿದು ಶೀತ-ಜ್ವರ ಹಬ್ಬಿತೆಂದರೆ ನಮ್ಮ ಕಾಸರಗೋಡಿನ ವಾರ್ಡುಗಳಿಗೆ ದಮ್ಮಿನವರು ಬರಲು ಶುರು. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟಕ್ಕೆ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಹೀಗೆ ಜೋರಾಗುವುದಕ್ಕೆ ಹೆಚ್ಚಾಗಿ ವೈರಸ್ ಸೋಂಕೇ ಕಾರಣ. ಬ್ಯಾಕ್ಟೀರಿಯಾ, ಹೊಗೆ, ಬಿಟ್ಟುಹೋದ ಇನ್‌ಹೇಲರ್ ಆಮೇಲಿನವು.

ಜೋರಾಗಿದೆ ಎಂದು ಗುರುತಿಸುವುದೇ ಮೊದಲ ತೊಡಕು. ಇವರಿಗೆ ಕೆಮ್ಮು, ಕಫ ದಿನಾ ಇರುತ್ತದೆ. ಆಕ್ಸಿಮೀಟರ್‌ನಲ್ಲಿ ರಕ್ತದ ಆಕ್ಸಿಜನ್ ಮಟ್ಟ 91 ಶೇಕಡಾ ಕಂಡರೆ ನಮಗೆ ಗಾಬರಿ, ಅವರಿಗೆ ಅದು ಮಾಮೂಲಿ ಆಗಿರಬಹುದು. ಹಾಗಾಗಿ ಪುಸ್ತಕದ ನಾರ್ಮಲ್ ಬಿಡಿ, ಹೋದ ವಾರ ಹೇಗಿದ್ದರು ಎಂದು ಕೇಳಿ. ಮನೆಯವರನ್ನೇ ಕೇಳಿ. ದಮ್ಮು ಕಟ್ಟಿದವರಿಗೆ ಒಂದು ವಾಕ್ಯ ಮುಗಿಸಲಿಕ್ಕೂ ಆಗುವುದಿಲ್ಲ. "ಮೊನ್ನೆವರೆಗೆ ತೋಟಕ್ಕೆ ಹೋಗಿ ಬರುತ್ತಿದ್ದರು, ಈಗ ಬಚ್ಚಲಿಗೆ ಹೋಗಲಿಕ್ಕೂ ಆಗುವುದಿಲ್ಲ" ಎಂದು ಸೊಸೆ ಹೇಳಿದರೆ ಅರ್ಧ ಹಿಸ್ಟರಿ ಬಂದ ಹಾಗೆ.

ಮೂರು ವಿಷಯ ಬಿಡಬೇಡಿ: ಏದುಸಿರು ಹೆಚ್ಚಿತಾ, ಕಫ ಹೆಚ್ಚಿತಾ, ಕಫದ ಬಣ್ಣ ಹಳದಿ-ಹಸಿರಿಗೆ ತಿರುಗಿತಾ. 1987ರಲ್ಲಿ ಆಂಥೊನಿಸೆನ್ ಮತ್ತು ಸಂಗಡಿಗರು ಹೇಳಿದ ಈ ಮೂರು ಲಕ್ಷಣ ಇವತ್ತಿಗೂ ಬಳಕೆಯಲ್ಲಿವೆ. ಬಣ್ಣ ಬದಲಾಗಿ, ಜೊತೆಗೆ ಉಳಿದೆರಡರಲ್ಲಿ ಒಂದಿದ್ದರೆ ಆಂಟಿಬಯೋಟಿಕ್ ಬೇಕಾಗುತ್ತದೆ. ಸುಮ್ನೆ ಎಲ್ಲರಿಗೂ ಕೊಡುವುದಲ್ಲ.

ಬೀಡಿ ಸೇದಿದ ಅಜ್ಜನಿಗೆ ಸಿಒಪಿಡಿ ಎಂದರೆ ಯಾರಾದರೂ ನಂಬುತ್ತಾರೆ. ತೆಂಗಿನ ಮಡಲು, ಗೆರಟೆ, ಹಸಿ ಕಟ್ಟಿಗೆ ಉರಿಸಿ ಜೀವಮಾನವೆಲ್ಲ ಒಲೆ ಊದಿದ ಅಜ್ಜಿಯ ಬಗ್ಗೆ ಯಾರಿಗೂ ಸಂಶಯವೇ ಬರುವುದಿಲ್ಲ. ಒಲೆಯ ಬಗ್ಗೆ ಕೇಳದೆ ಹಿಸ್ಟರಿ ಮುಗಿಸಬೇಡಿ.

ಎಲ್ಲ ಏದುಸಿರೂ ಸಿಒಪಿಡಿಯದ್ದೇ ಅಲ್ಲ, ಅಲ್ವಾ? ನ್ಯುಮೋನಿಯಾ, ಹೃದಯ ವೈಫಲ್ಯ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಎದೆಗೂಡಿನೊಳಗೆ ಗಾಳಿ ತುಂಬಿ ಶ್ವಾಸಕೋಶ ಕುಗ್ಗುವುದು, ಇವೂ ಹೀಗೇ ಬರುತ್ತವೆ. ಎಕ್ಸ್‌ರೇ, ಇಸಿಜಿ ಮಾಡಿಸುವುದು ಅದಕ್ಕೆ.

ಈಗ ಆಕ್ಸಿಜನ್. ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಹಾನಿಯಾಗುವುದು ಇಲ್ಲಿ. ಗುರಿ 88ರಿಂದ 92 ಶೇಕಡಾ, 100 ಅಲ್ಲ. ಆಕ್ಸಿಜನ್ ಅತಿಯಾದರೆ ಉಸಿರಾಡುವ ಪ್ರೇರಣೆಯೇ ಕಮ್ಮಿಯಾಗುತ್ತದೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದು ಕಥೆಯ ಸಣ್ಣ ಭಾಗ. ಗಾಳಿ ಸರಿಯಾಗಿ ಹೋಗದ ಕಡೆ ರಕ್ತನಾಳಗಳು ತಾವೇ ಕುಗ್ಗಿ, ಒಳ್ಳೆಯ ಭಾಗಕ್ಕೆ ರಕ್ತ ಕಳಿಸುತ್ತಿರುತ್ತವೆ. ಆಕ್ಸಿಜನ್ ಜಾಸ್ತಿಯಾದಾಗ ಅವು ಮತ್ತೆ ಹಿಗ್ಗುತ್ತವೆ, ರಕ್ತ ಕೆಟ್ಟ ಭಾಗಕ್ಕೆ ಹರಿಯುತ್ತದೆ. ಹಿಮೋಗ್ಲೋಬಿನ್ ಹಿಡಿದಿಟ್ಟ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ರಕ್ತದಲ್ಲಿ ಅದು ಏರಿ ರೋಗಿ ತೂಕಡಿಸುತ್ತಾರೆ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಅಧ್ಯಯನದಲ್ಲಿ, ಆಂಬುಲೆನ್ಸಿನಲ್ಲೇ ಅಳೆದು ಕೊಟ್ಟ ಆಕ್ಸಿಜನ್ ಪಡೆದ ರೋಗಿಗಳಲ್ಲಿ ಸಾವು ಕಮ್ಮಿ ಇತ್ತು. ಇದು ನಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಇಲ್ಲಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಾರಿಯುದ್ದಕ್ಕೂ ಹೈ ಫ್ಲೋ ಮಾಸ್ಕ್ ಹಾಕಿ ಕೂರಿಸಿದರೆ ಆಸ್ಪತ್ರೆ ಸೇರುವಷ್ಟರಲ್ಲಿ ಕೇಸ್ ಬೇರೆಯೇ ಆಗಿರುತ್ತದೆ. 24 ಅಥವಾ 28 ಶೇಕಡಾ ಆಕ್ಸಿಜನ್ನನ್ನೇ ಲೆಕ್ಕವಾಗಿ ಕೊಡುವ ವೆಂಚುರಿ ಮಾಸ್ಕ್ ಉತ್ತಮ. ಇಲ್ಲದಿದ್ದರೆ ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ 1-2 ಲೀಟರ್ ಇಟ್ಟು ಆಕ್ಸಿಮೀಟರ್ ನೋಡುತ್ತಿರಿ. ಹಾಗಂತ 80ಕ್ಕೆ ಇಳಿದವರಿಗೆ ಹೆದರಿ ಕೊಡದೇ ಇರುವುದೂ ತಪ್ಪು.

ಔಷಧಿ ಬೇಗ ಹೇಳಿಬಿಡುತ್ತೇನೆ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮತ್ತು ಇಪ್ರಟ್ರೋಪಿಯಂ ನೆಬ್ಯುಲೈಸೇಶನ್ (ಔಷಧಿಯನ್ನು ಮಂಜಿನಂತೆ ಮಾಡಿ ಎಳೆದುಕೊಳ್ಳುವುದು), ಸಾಧ್ಯವಾದರೆ ಆಕ್ಸಿಜನ್ನಿನಿಂದಲ್ಲ, ಗಾಳಿಯಿಂದ ನಡೆಯುವ ಮಶೀನಿನಲ್ಲಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 40 ಮಿ.ಗ್ರಾಂ, 5 ದಿನ. ಮೊದಲೆಲ್ಲ ಎರಡು ವಾರ ಕೊಡುತ್ತಿದ್ದರು. 5 ದಿನವೇ ಸಾಕು ಎಂದು 2013ರ ಸ್ವಿಸ್ ಅಧ್ಯಯನ ತೋರಿಸಿತು. ಮಧುಮೇಹ ಇದ್ದರೆ ಶುಗರ್ ಏರುತ್ತದೆ, ಚಾರ್ಟಿನಲ್ಲಿ ಬರೆದಿಡಿ.

ರಾತ್ರಿ ಡ್ಯೂಟಿಯವರು ಇದನ್ನು ಓದಲೇಬೇಕು. ಏದುಸಿರು ಬಿಡುತ್ತಿದ್ದವರು ಸುಮ್ಮನಾದರೆ, ಉಸಿರಿನ ಗತಿ ಇಳಿದರೆ, "ಅಬ್ಬ, ನಿದ್ದೆ ಬಂತು" ಎಂದುಕೊಳ್ಳಬೇಡಿ. ತಟ್ಟಿ ಎಬ್ಬಿಸಿ, ಮಾತಾಡಿಸಿ. ಗೊಂದಲದ ಮಾತು, ಚಾಚಿದ ಕೈ ಪಟಪಟ ಅಲುಗುವುದು, ಎದೆಯಲ್ಲಿ ಸುಂಯ್‌ ಶಬ್ದವೂ ಕೇಳದಿರುವುದು, ಇವು ಸುಸ್ತಾಗಿ ಸೋಲುತ್ತಿರುವ ಗುರುತು. ಕೂಡಲೇ ಡಾಕ್ಟರನ್ನು ಕರೆಯಿರಿ, ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಬೇಕು. ರಕ್ತದ ಆಮ್ಲೀಯತೆ ಹೇಳುವ ಪಿಎಚ್ 7.35ಕ್ಕಿಂತ ಕೆಳಗಿದ್ದು, ಕಾರ್ಬನ್ ಡೈಆಕ್ಸೈಡ್ 45 mmHgಗಿಂತ ಮೇಲಿದ್ದರೆ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ಯಂತ್ರ) ಹಾಕುವ ಹೊತ್ತು. ಇದರಿಂದ ಬಾಯಿಗೆ ಟ್ಯೂಬ್ ಹಾಕುವ ಸಂದರ್ಭಗಳೂ ಸಾವುಗಳೂ ಕಮ್ಮಿಯಾಗುತ್ತವೆ.

ಡಿಸ್ಚಾರ್ಜ್ ದಿನ ಬರೀ ಚೀಟಿ ಕೊಟ್ಟು ಕಳಿಸಬೇಡಿ. "ಅಜ್ಜಾ, ಇನ್‌ಹೇಲರ್ ಒಮ್ಮೆ ಎಳೆದು ತೋರಿಸಿ" ಎನ್ನಿ. ರೋಟಾಹೇಲರಿನೊಳಗೆ ಹಾಕಿ ಪುಡಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ಪುಡಿ ಇನ್‌ಹೇಲರಿಗೆ ಜೋರಾಗಿ ಎಳೆಯುವ ಶಕ್ತಿ ಬೇಕು. ಅದಿಲ್ಲದವರಿಗೆ ಪಂಪ್ ಇನ್‌ಹೇಲರ್ ಮತ್ತು ಸ್ಪೇಸರ್ (ಪಂಪಿಗೆ ಜೋಡಿಸಿ ಔಷಧಿಯನ್ನು ನಿಧಾನವಾಗಿ ಎಳೆದುಕೊಳ್ಳುವ ಕೊಳವೆ) ವಾಸಿ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಬೇಕು. ನಾಲ್ಕು ವಾರದೊಳಗೆ ಮತ್ತೆ ತೋರಿಸಲು ಹೇಳಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಇಂಥ ಶ್ವಾಸನಾಳದ ಕಾಯಿಲೆಗಳಿಗೆಂದೇ 'ಶ್ವಾಸ್' ಕ್ಲಿನಿಕ್ ಇದೆ. ಮನೆ ಹತ್ತಿರದ ಕೇಂದ್ರದಲ್ಲಿ ಅದು ಯಾವ ದಿನ ಎಂದು ವಿಚಾರಿಸಿ ಚೀಟಿಯಲ್ಲಿ ಬರೆದುಕೊಡಿ.